ಕಸ್ತೂರಿ ಅಕ್ಕಾರು ಕೊಟ್ಟ ಮಾತು

ಕಸ್ತೂರಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು, ಪಡಸಾಲೆಯಲ್ಲಿ ಕಸ್ತೂರಿಯೇ ಪಾಠ ಹೇಳುತ್ತಿದ್ದಳು. ಹೊಸಬರು ಯಾರಾದರೂ ಬಂದರೆ ಇದೇನು ಭಾನಗಡಿ ಎಂದುಕೊಂಡಾರು. ಆ ಮನೆಯವರಿಗೆ ಮಾತ್ರ ಇದು ದಿನದ ರಗಳೆಯಾಗಿತ್ತು.

"ಎರಡು ತ್ರಿಕೋನ ಸಮರೂಪ ಅದಾವ ಅಂದ್ರ ಅವು ಅಣ್ಣತಮ್ಮ ಇದ್ದಂಗ ನೋಡ್ರಿ. ಎತ್ತರ ಬ್ಯಾರೆ, ಮೂಗು ಮಾತ್ರ ಒಂದ," ಎನ್ನುತ್ತಿತ್ತು ಟ್ಯಾಬಿನೊಳಗಿನ ಧ್ವನಿ.

ಕಸ್ತೂರಿಯ ಕೈ ರೊಟ್ಟಿಯ ಮೇಲೇ ನಿಂತಿತು. ಅಣ್ಣತಮ್ಮಂದಿರ ಮೂಗಿನ ಮಾತನ್ನು ತಾನು ಯಾವಾಗ ಹೇಳಿದೆ? ಉದಾಹರಣೆ ಚೆನ್ನಾಗಿಯೇ ಇತ್ತು, ಅದೇ ಅವಳ ಸಂಕಟ. ತನಗೆ ಹೊಳೆಯಬೇಕಾದ್ದು ಬೇರೆ ಯಾರಿಗೋ ಹೊಳೆದಂತಿತ್ತು, ಆ ಬೇರೆ ಯಾರೋ ತಾನೇ ಆಗಿದ್ದಳು.

"ಪ್ರಣತಿ, ಆ ಮೂಗಿನ ಮಾತು ನಾ ಯಾವಾಗ ಹೇಳೀನಿ?" ಎಂದು ಕೂಗಿ ಕೇಳಿದಳು.

"ಮಮ್ಮಿ, ಸುಮ್ನಿರು. ಅಕ್ಕಾರು ಹೇಳಾಕತ್ತಾರ," ಎಂದಳು ಹತ್ತನೇ ತರಗತಿಯ ಮಗಳು.

"ಅಕ್ಕಾರು ಅಂದ್ರ ಯಾರು ಮತ್ತ? ನಾನ ಅಲ್ಲನು?"

"ನೀ ಮಮ್ಮಿ. ರೊಟ್ಟಿ ಸೀಯಾಕತ್ತೇತಿ ನೋಡು."

ರೊಟ್ಟಿ ನಿಜವಾಗಿಯೂ ಸೀಯುತ್ತಿತ್ತು.

ಈ ಗೋಜಲಿನ ಮೂಲ ಗದಗಿನ ದೂರಪಾಠ ಕೇಂದ್ರದಲ್ಲಿತ್ತು. ಕಸ್ತೂರಿ ಅಲ್ಲಿ ಗಣಿತದ ಶಿಕ್ಷಕಿ, ಮಕ್ಕಳ ಬಾಯಲ್ಲಿ ಅಕ್ಕಾರು. ಮುಂಜಾನೆ ಕ್ಯಾಮೆರಾದ ಎದುರು ನಿಂತು ಒಂದು ಪಾಠ ಮಾಡಿದರೆ ಸುತ್ತಲಿನ ನಲವತ್ತು ಪ್ರೌಢಶಾಲೆಗಳ ಮಕ್ಕಳಿಗೆ ಅದು ಮುಟ್ಟುತ್ತಿತ್ತು. ಮಕ್ಕಳು ಅದನ್ನು ಕೇಂದ್ರ ಕೊಟ್ಟ ಟ್ಯಾಬಿನಲ್ಲಿ ತಮ್ಮ ಪುರಸೊತ್ತಿನಲ್ಲಿ ಕೇಳಬಹುದು. ನಡುವೆ ಸಂಶಯ ಬಂದು ಪ್ರಶ್ನೆ ಕೇಳಿದರೆ ಪರದೆಯ ಮೇಲಿನ ಕಸ್ತೂರಿ ಪಾಠ ನಿಲ್ಲಿಸಿ, ಆ ಮಗುವಿನ ಹೆಸರು ಹಿಡಿದು ಕರೆದು, ಉತ್ತರ ಹೇಳಿ, ಮತ್ತೆ ಬಿಟ್ಟಲ್ಲಿಂದ ಮುಂದುವರಿಸುತ್ತಾಳೆ. ಕಸ್ತೂರಿ ಹಿಂದೆ ಬೆಟಗೇರಿಯ ಶಾಲೆಯಲ್ಲಿದ್ದಾಗ ಧ್ವನಿಮುದ್ರಿಸಿದ ವರ್ಷಗಟ್ಟಲೆ ಪಾಠಗಳನ್ನು ಯಂತ್ರಕ್ಕೆ ಉಣಿಸಿ ಈ ಪರದೆಯ ಕಸ್ತೂರಿಯನ್ನು ಕಟ್ಟಿದ್ದರು. ಕಚೇರಿಯ ಭಾಷೆಯಲ್ಲಿ ಅದರ ಹೆಸರು 'ಪ್ರತಿನಿಧಿ'. ಪ್ರತಿನಿಧಿಗೆ ಬಗೆಹರಿಯದ ಪ್ರಶ್ನೆಗಳು ಸಂಜೆ ಹೆಡ್‌ಫೋನಿನಲ್ಲಿ ನಿಜವಾದ ಕಸ್ತೂರಿಯ ಕಿವಿಗೆ ಬರುತ್ತಿದ್ದವು. ಮಕ್ಕಳ ಗುಟ್ಟು ಬಯಲಾಗಬಾರದೆಂದು ಹೆಸರು, ಊರು ತೆಗೆದು, ಒಂದು ಬೋಳು ಧ್ವನಿಯಲ್ಲಿ ಓದಿ ಹೇಳುತ್ತಿದ್ದರು. ಅವಳು ಕೊಟ್ಟ ಉತ್ತರ ಪ್ರತಿನಿಧಿಯೊಳಗೆ ಸೇರಿಹೋಗುತ್ತಿತ್ತು.

ಇದರಿಂದ ಲಾಭ ಆಗಿಲ್ಲ ಎಂದರೆ ನಾಲಿಗೆಗೆ ಹುಳ ಬಿದ್ದೀತು. ಎಂಬತ್ತು ಮಕ್ಕಳ ತರಗತಿಯಲ್ಲಿ ಮಾತಿಗೆ ತಡವರಿಸುವ ಹುಡುಗ ಎದ್ದು ನಿಂತು ಪ್ರಶ್ನೆ ಕೇಳಿದ್ದುಂಟೇ? ಈಗ ಕೇಳುತ್ತಿದ್ದ. ದಿನವೆಲ್ಲ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುವ ಹುಡುಗಿಯರು ಮನೆಗೆ ಬಂದು ಕೈ ತೊಳೆದು ಪಾಠಕ್ಕೆ ಕೂರುತ್ತಿದ್ದರು. ಪ್ರತಿನಿಧಿ ಬೇಸರಪಡುವುದಿಲ್ಲ, ಹತ್ತನೇ ಸಲ ಕೇಳಿದರೂ ಮುಖ ಸಿಂಡರಿಸುವುದಿಲ್ಲ.

ತೊಡಕೆಲ್ಲ ಕಸ್ತೂರಿಯದು. ಸಂತೆಯಲ್ಲಿ ಗುರುತಿಲ್ಲದ ಹೆಂಗಸರು ಕೈ ಹಿಡಿದು, "ನೀವು ಹೇಳಿದ್ದಕ್ಕ ನಮ್ಮ ಹುಡುಗಿ ಗುಳಿಗಿ ನುಂಗಿದ್ಲ್ರಿ" ಎನ್ನುತ್ತಿದ್ದರು. ಯಾವ ಹುಡುಗಿ, ಯಾವ ಗುಳಿಗೆ? ಎಲ್ಲದಕ್ಕೂ "ಹೌದೇನು" ಎಂದು ನಗುವುದನ್ನು ಅವಳು ರೂಢಿ ಮಾಡಿಕೊಂಡಿದ್ದಳು. ಮನೆಗೆ ಬಂದ ಮೇಲೆ ಅದು ಒಳಗೊಳಗೇ ಕೊರೆಯುತ್ತಿತ್ತು.

ಆ ಶನಿವಾರ ಪಾಠ ಮುಗಿಸಿ ಹೊರಡುವಾಗ ಫಯಾಜ್ ನಿಯಂತ್ರಣ ಕೊಠಡಿಗೆ ಕರೆದ. ಪ್ರತಿನಿಧಿಯ ಉಸ್ತುವಾರಿ ಅವನದು. ಸದಾ ನಗಿಸುತ್ತ ಇರುವವನ ಮುಖ ಅಂದು ಸಪ್ಪಗಿತ್ತು.

"ಟೀಚರ್, ಪಾಠ ಬಿಟ್ಟು ಬ್ಯಾರೆ ಮಾತು ಬಂದ್ರ ನಮಗ ಕೆಂಪು ದೀಪ ಹತ್ತತೈತಿ. ಇದು ಹೋದ ವಾರದ್ದು, ನಾ ನೋಡೂದು ತಡ ಆತು. ಕೇಳ್ರಿ," ಎಂದು ಗುಂಡಿ ಒತ್ತಿದ.

ಗಾಳಿಯ ಸದ್ದು, ಕುರಿಗಳ ಸದ್ದು. ಆಮೇಲೆ ಒಂದು ಹುಡುಗಿಯ ಧ್ವನಿ. "ಅಕ್ಕಾರ, ನಂದೊಂದು ಡೌಟ್ ಐತ್ರಿ. ಲೆಕ್ಕದ್ದಲ್ರಿ."

"ಲೆಕ್ಕದ್ದಲ್ಲಂದ್ರೂ ಹೇಳವ್ವ ಮಾಳವ್ವ." ಇದು ಕಸ್ತೂರಿಯ ಧ್ವನಿ.

"ನಮ್ಮಪ್ಪ ಕುರಿ ಹೊಡಕೊಂಡು ಹೊಳಿ ದಾಟೂಣು ಅನ್ನಾಕತ್ತಾನ್ರಿ. ಹಡಗಲಿ ಕಡೆ ಮೇವು ಐತಂತ. ದಾಟಿದ್ರ ಪರೀಕ್ಷಾಕ್ಕ ಬರೂದಾಗೂದಿಲ್ಲ. ಒಬ್ಬಾಕಿನ್ನ ಎಲ್ಲಿ ಬಿಡ್ಲಿ, ಈ ವರ್ಷ ಬಿಡು ಅಂತಾನ. ಮುಂದಿನ ವರ್ಷನೂ ಹಂಗ ಅಂತಾನ್ರಿ ಅಂವಾ."

ಪರದೆಯ ಕಸ್ತೂರಿ ಸಣ್ಣಗೆ ಕೆಮ್ಮಿದಳು. ಸುಣ್ಣದಕಡ್ಡಿಯ ಪುಡಿ ತಿಂದು ತಿಂದು ಬಂದ ಹಳೆಯ ಕೆಮ್ಮು. "ಇಷ್ಟಕ್ಕ ಎದಿ ಒಡಕೋಬ್ಯಾಡ. ಮುಂದಿನ ರವಿವಾರ ನಾ ಬರ್ತೀನಿ. ನಿಮ್ಮಪ್ಪನ ಕೂಡ ನಾನ ಮಾತಾಡ್ತೀನಿ. ಅಲ್ಲೀತನಕ ಹೊಳಿ ದಾಟಬ್ಯಾಡ್ರಿ ಅಂತ ಹೇಳು."

ಫಯಾಜ್ ನಿಲ್ಲಿಸಿದ. "ಇದನ್ನ ನೀವು ಹೇಳೀರೇನು ಟೀಚರ್?"

"ಇಲ್ಲ," ಎಂದಳು ಕಸ್ತೂರಿ. ಹೇಳಿದ ಮೇಲೆ ಅನುಮಾನ ಬಂತು. "ಇಲ್ಲ ಅನಸ್ತೈತಿ. ಸಂಜೀ ಹೆಡ್‌ಫೋನಿನಾಗ ಹೇಳೀನೇನು?"

ಮನೆಯವರು ಪರೀಕ್ಷೆಗೆ ಕಳಿಸುತ್ತಿಲ್ಲ, ಏನು ಮಾಡಲಿ ಎಂಬ ಪ್ರಶ್ನೆ ಆ ಬೋಳು ಧ್ವನಿಯಲ್ಲಿ ಆಗಾಗ ಬರುತ್ತಿತ್ತು. ಅವಳು ಏನೋ ಒಂದು ಉತ್ತರ ಹೇಳುತ್ತಿದ್ದಳು. ಹೋದ ವಾರ ಹೇಳುವಾಗ ಗ್ಯಾಸ್ ಸಿಲಿಂಡರ್ ಬರಲಿಲ್ಲವಲ್ಲ ಎಂಬ ಚಿಂತೆಯಲ್ಲಿದ್ದಳು. 'ಬರ್ತೀನಿ ಅಂತ ಹೇಳು' ಎಂದಿರಬಹುದು. ಅಂದಿರಲಿಕ್ಕೂ ಇಲ್ಲ. ಕೇಳಿಸಿಕೊಂಡ ಮೇಲಂತೂ ಆ ಮಾತು ತನ್ನ ಬಾಯಿಂದಲೇ ಬಂದ ನೆನಪು ಕಟ್ಟತೊಡಗಿತ್ತು.

"ನಂದೋ ಅದರದೋ ಅಂತ ಹುಡುಕಾಕ ಬರೂದಿಲ್ಲೇನು?"

"ಕ್ಯಾನಿಗೆ ಸುರುವಿದ ಮ್ಯಾಲೆ ಹಾಲು ಯಾವ ಎಮ್ಮೀದು ಅಂತ ಹೆಂಗ ಹೇಳ್ಲಿ ಟೀಚರ್?" ಎಂದ ಫಯಾಜ್. "ನಿಮ್ಮದೂ ಅದರಾಗ ಐತಿ, ಹಳೇ ಪಾಠದ್ದೂ ಐತಿ. ಈಗ ಅದನ್ನ ಬಿಡ್ರಿ. ಮ್ಯಾಲಿನವರು ತಿದ್ದುಪಡಿ ಕಳಸ್ರಿ ಅಂದಾರ. ಪ್ರತಿನಿಧಿನ ಹೇಳ್ತೈತಿ, 'ಮಾಳವ್ವ, ನನಗ ಬರಾಕ ಆಗೂದಿಲ್ಲವ್ವ' ಅಂತ. ದನಿ ನಿಮ್ಮದು, ಅದಕ್ಕ ನಿಮ್ಮ ಒಪ್ಪಿಗಿ ಬೇಕು. ನೀವು ಹೂಂ ಅಂದ್ರ ಸಾಕು. ಹೆಂಗಿದ್ರೂ ಸೋಮವಾರದಿಂದ ಲೆಕ್ಕ ಬಿಟ್ಟು ಬ್ಯಾರೆ ಮಾತಿಗೆ ಬೀಗ ಹಾಕ್ತೀವಿ."

"ಆ ಹುಡುಗಿ ಈಗ ಎಲ್ಲದಾಳ?"

ಫಯಾಜ್ ನಕಾಶೆ ತೆರೆದ. ಮುಂಡರಗಿಯ ಆಚೆ, ತುಂಗಭದ್ರೆಯ ದಂಡೆಗೆ ಸ್ವಲ್ಪ ಈಚೆ ಒಂದು ಚುಕ್ಕೆ ಮಿನುಗುತ್ತಿತ್ತು. "ಕುರಿಗಾರರ ಮಕ್ಕಳ ಟ್ಯಾಬು ದಿನಾ ಸರೀತಿರತಾವ ಟೀಚರ್. ಇದು ಹೋದ ವಾರದಿಂದ ಅಲ್ಲೇ ನಿಂತೈತಿ."

ಅವರು ಕಾಯುತ್ತಿದ್ದಾರೆ ಎಂದು ಇಬ್ಬರಿಗೂ ತಿಳಿಯಿತು. ಕಸ್ತೂರಿ "ತಡೀರಿ," ಎಂದಷ್ಟೇ ಹೇಳಿ ಚೀಲ ಹೆಗಲಿಗೇರಿಸಿದಳು.

"ಒಬ್ಬರ ಮನೀಗೆ ಹೋದ್ರ ಎಲ್ಲಾರ ಮನೀಗೂ ಹೋಗಬೇಕಾಗ್ತೈತಿ, ನೋಡ್ರಿ ಮತ್ತ," ಎಂದ ಫಯಾಜ್ ಹಿಂದಿನಿಂದ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಮನೆಗೆ ಬಂದರೂ ತಲೆ ಗಿಮ್ಮೆನ್ನುತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಹೇಳಿದ್ದರು, ಸರಿ. ಆಡಿದವರು ಯಾರೆಂದೇ ತಿಳಿಯದಿದ್ದರೆ ಹೋದದ್ದು ಯಾರ ಮಾತು? ಇದಕ್ಕೆ ಯಾವ ಹಿರಿಯರೂ ಗಾದೆ ಮಾಡಿರಲಿಲ್ಲ.

ಬೆಟಗೇರಿಯ ಶಾಲೆಯಲ್ಲಿದ್ದಾಗ ಮಕ್ಕಳ ಮನೆಗೆ ಹೋಗುವುದು ಅವಳ ಕೆಲಸದ ಭಾಗವೇ ಆಗಿತ್ತು. ಪರೀಕ್ಷೆ ಹತ್ತಿರ ಬಂದಾಗ ಬೆಳಕು ಹರಿಯುವ ಮೊದಲೇ ಓಣಿಗೆ ಹೋಗಿ ಬಾಗಿಲು ಬಡಿದು ಹುಡುಗರನ್ನು ಓದಲು ಎಬ್ಬಿಸುತ್ತಿದ್ದಳು. ಅವರು ಹೊದಿಕೆಯೊಳಗೆ ಅಡಗಿದರೆ ಅವರ ಅವ್ವಂದಿರು ಹೊದಿಕೆ ಎಳೆದು ತೋರಿಸುತ್ತಿದ್ದರು, ಚಹಾ ಕುಡಿಸದೆ ಬಿಡುತ್ತಿರಲಿಲ್ಲ. ಕೇಂದ್ರಕ್ಕೆ ಬಂದ ಮೇಲೆ ಯಾರ ಬಾಗಿಲನ್ನೂ ಬಡಿದಿರಲಿಲ್ಲ. ನಿಜ ಹೇಳಬೇಕೆಂದರೆ ಅದರಿಂದ ಅವಳಿಗೆ ಹಾಯೆನಿಸಿತ್ತು.

ಮಗಳ ಪಕ್ಕ ಕುಳಿತು ಎಲ್ಲ ಹೇಳಿದಳು. "ಹಂಗಂತ ನಾ ಅಂದಿರಬಹುದೇನು, ಪ್ರಣತಿ?"

ಪ್ರಣತಿ ತಾಯಿಯ ಮುಖ ನೋಡಿದಳು. ಸುಳ್ಳು ಹೇಳುವ ಹುಡುಗಿಯಲ್ಲ. "ನೀ ಹಂಗ ಅನ್ನಂಗಿಲ್ಲ ಮಮ್ಮಿ. ನೀ ಆದ್ರ 'ನೋಡೂಣು' ಅಂತೀದಿ. ಅಕ್ಕಾರು ಅಂತಾರ."

ಕಸ್ತೂರಿಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಹೊಟ್ಟೆಕಿಚ್ಚು ಬಂತು. ತನ್ನದೇ ಹಳೆಯ ಮಾತುಗಳನ್ನು ತಿಂದು ಬೆಳೆದ ಒಂದು ಯಂತ್ರದ ಮೇಲೆ ಹೊಟ್ಟೆಕಿಚ್ಚು! ನಾಳೆ ಊಟಕ್ಕೆ ಕಾಯಬೇಡ ಎಂದು ಮಗಳಿಗೆ ಹೇಳಿ ಎದ್ದಳು.

ಮರುದಿನ ಮುಂಡರಗಿಯಲ್ಲಿ ಬಸ್ಸಿಳಿದು, ಬಾಡಿಗೆ ಆಟೋ ಹಿಡಿದು, ಅದೂ ಹೋಗದ ಕಡೆ ನಡೆದಳು. ದೂರದ ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ತಿರುಗುತ್ತಿದ್ದವು. ಕೊಯ್ಲು ಮುಗಿದ ಎರೆಹೊಲದಲ್ಲಿ ಬಲೆ ಕಟ್ಟಿದ ಕುರಿಹಟ್ಟಿ, ಒಂದು ಗುಡಾರ, ಗಂಟುಮೂಟೆ ಹೊತ್ತು ನಿಂತ ಕುದುರೆ. ಸಾಮಾನು ಆಗಲೇ ಕಟ್ಟಿ ಆಗಿತ್ತು. ಅಕ್ಕಾರು ಸಂಜೆಯೊಳಗೆ ಬರದಿದ್ದರೆ ಹೊಳೆ ದಾಟುವುದೇ ಎಂದು ಮಾಡಿದ್ದರು.

ಎಳೆ ಮರಿಯೊಂದನ್ನು ಎತ್ತಿಕೊಂಡು ತೆಳ್ಳನೆಯ ಹುಡುಗಿ ಓಡಿಬಂದಳು. ಮುಖವೆಲ್ಲ ನಗೆ. "ಅಕ್ಕಾರ, ಬಂದ್ರಿ! ನೋಡ್ರಿ, ಇದ ಚುಕ್ಕಿ."

"ಯಾವ ಚುಕ್ಕಿ?" ಎಂದಳು ಕಸ್ತೂರಿ.

ಹುಡುಗಿಯ ಕಾಲು ಅಲ್ಲೇ ನಿಂತವು. "ಚುಕ್ಕಿರಿ. ಇದರ ತಾಯಿ ಸತ್ತ ದಿನ ನಿಮಗ ಹೇಳಿದ್ನಲ್ರಿ. ಬಾಟ್ಲಿ ಹಾಲು ಹೆಂಗ ಕುಡಸೂದು ಅಂತ ನೀವ ಹೇಳಿಕೊಟ್ರಿ. ನಾ ಅತ್ತಾಗ ನೀವೂ…" ಕಸ್ತೂರಿಯ ಮುಖವನ್ನು ಹುಡುಕುವಂತೆ ನೋಡಿದಳು. ಅದೇ ಮೂಗು, ಅದೇ ಕನ್ನಡಕ. ಹುಡುಕಿದ್ದು ಮಾತ್ರ ಸಿಗಲಿಲ್ಲ. "ನಿಮಗ ಏನೂ ಗೊತ್ತಿಲ್ಲೇನ್ರಿ?"

ಕಸ್ತೂರಿಗೆ ನಾಚಿಕೆಯಾಯಿತು. ಸಂತೆಯ 'ಹೌದೇನು' ನಾಲಿಗೆಯ ತುದಿಗೆ ಬಂದಿತ್ತು, ಅದನ್ನು ನುಂಗಿದಳು.

ಅಷ್ಟರಲ್ಲಿ ಮಾಳವ್ವನ ಅಪ್ಪ ಹೊಳೆಪ್ಪ ಬಂದ. ಕಂಬಳಿ ಹಾಸಿ ಕೂರಿಸಿದ. ಕೂರಿಸಿದ್ದು ಮರ್ಯಾದೆಗೆ, ಮುಖ ಮಾತ್ರ ಗಂಟಾಗಿತ್ತು.

"ಅಕ್ಕಾರ, ನಿಮ್ಮ ಮಾತಿಗೆ ನಿಂತೀವಿ. ಇಲ್ಲಿ ಮೇವು ಯಾವಾಗೋ ತೀರೇತಿ. ಕುರಿ ಒಣ ಹೊಲ ನೆಕ್ಕಾಕತ್ತಾವ. ಪರೀಕ್ಷಾ ಮುಗಿಯೂತನಕ ಇಕಿನ್ನ ನಮ್ಮ ಮನ್ಯಾಗ ಇಟ್ಕೋತೀನಿ ಅಂದೀರಿ. ಖರೇ ಏನು?"

ಕಸ್ತೂರಿ ಬೆಪ್ಪಾದಳು. ಮನೆಯಲ್ಲಿ ಇಟ್ಟುಕೊಳ್ಳುವ ಮಾತು ಫಯಾಜ್ ಕೇಳಿಸಿದ್ದರಲ್ಲಿ ಇರಲಿಲ್ಲ. ಆಮೇಲೆ ಯಾವಾಗಲೋ ಹೇಳಿರಬೇಕು, ಹೇಳಿದವರು ಯಾರೋ. ತನ್ನ ಮನೆಯ ಎರಡು ಕೋಣೆ, ಪ್ರಣತಿಯ ಮೇಜು, ಮೇಜಿನ ಕೆಳಗೆ ಹಾಸಬಹುದಾದ ಜಾಗ ಎಲ್ಲ ಒಮ್ಮೆಲೇ ಕಣ್ಣಮುಂದೆ ಬಂದವು.

"ನಾ ಅಡ್ಡಗ್ವಾಡಿ ಮ್ಯಾಲೆ ದೀಪ ಇಟ್ಟಂಗ ಮಾತಾಡೂ ಮನಷ್ಯಾ ಅಲ್ರಿ," ಎಂದ ಹೊಳೆಪ್ಪ. "ಮಾತು ಕೊಟ್ಟವರು ನೀವ ಆಗಿದ್ರ ಕಳಸ್ತೀನಿ. ಅಲ್ಲಾ ಅಂದ್ರ ಈಗ ಕುರಿ ಎಬ್ಬಸ್ತೀನಿ. ಹೌದೋ, ಅಲ್ಲೋ?"

ಹೌದು ಎಂದರೆ ಕೆಲಸ ಮುಗಿಯುತ್ತಿತ್ತು, ಒಂದೇ ಒಂದು ಮಾತು. ಅಲ್ಲ ಎಂದರೆ ಹುಡುಗಿ ಹೊಳೆಯಾಚೆ, ಪರೀಕ್ಷೆ ಈಚೆ. ಆದರೆ ಮಾಳವ್ವ ಮರಿಯನ್ನು ಅವಚಿಕೊಂಡು ಎದುರಿಗೇ ನಿಂತಿದ್ದಳು. ಅವಳಿಗೆ ಆಗಲೇ ಗೊತ್ತಾಗಿತ್ತು. ಅವಳ ಎದುರಿಗೆ ಸುಳ್ಳು ಹೇಳಿ ಅವಳನ್ನೇ ಮನೆಗೆ ಕರೆದೊಯ್ಯುವುದು ಹೇಗೆ?

"ಗೊತ್ತಿಲ್ಲರಿ ಅಣ್ಣಾರ," ಎಂದಳು ಕಸ್ತೂರಿ. "ನಾ ಹೇಳೀನೋ, ನನ್ನಂಗ ಮಾತಾಡೂ ಯಂತ್ರ ಹೇಳೇತೋ, ದೇವ್ರಾಣಿ ನನಗ ತಿಳೀವಲ್ದು. ಹೇಳಿದ್ದು ನೆಪ್ಪಿಲ್ಲ. ನಿಮ್ಮ ಮಗಳ ಹೆಸರು ನನಗ ನಿನ್ನೆ ಗೊತ್ತಾತು. ಚುಕ್ಕಿದು ಈಗ ಗೊತ್ತಾತು."

"ಹಂಗಾದ್ರ ನಾವು ಯಾರ ಸಲವಾಗಿ ಕಾದ್ವಿ?"

"ಅದೂ ತಿಳೀವಲ್ದು. ಆದ್ರ ಈಗ ಎದುರಿಗೆ ಕುಂತು ಹೇಳಾಕತ್ತೀನಿ, ಇದು ನಾನ. ಪರೀಕ್ಷಾ ಮುಗಿಯೂತನಕ ಇಕಿ ನಮ್ಮ ಮನ್ಯಾಗ ಇರ್ಲಿ. ನಂದೂ ಇದ ವಯಸ್ಸಿನ ಮಗಳದಾಳ. ಇಬ್ಬರೂ ಕೂಡಿ ಓದ್ತಾರ, ಕೂಡಿ ಹೋಗಿ ಬರೀತಾರ."

ಹೊಳೆಪ್ಪ ನೆಲ ಕೆರೆಯುತ್ತ ಕುಳಿತ. ಕಲ್ಲು ಒಲೆಯ ಮುಂದೆ ಕುಳಿತಿದ್ದ ಅವನ ಹೆಂಡತಿ ನೀಲವ್ವ ಮಾತ್ರ ಸುಮ್ಮನಿರಲಿಲ್ಲ. "ಯಾರು ಹೇಳಿದ್ರೇನು, ಬಂದಾರಲ್ಲ. ನಿನ್ನ ಬೀಗರು ತಾವ ಬಾಯಿಬಿಟ್ಟು ಹೇಳಿದ ದಿನ ಎಂದಾದ್ರೂ ಬಂದಾರೇನು? ಮೊದಲ ಅವರಿಗೆ ಚಾ ಕುಡಿಯಾಕ ಬಿಡು."

ಹೊಳೆಪ್ಪನಿಗೆ ನಗು ಬಂತು, ತಡೆದುಕೊಳ್ಳಲು ನೋಡಿದ, ಆಗಲಿಲ್ಲ. "ಪರೀಕ್ಷಾ ಮುಗಿದ ಮ್ಯಾಲೆ ನಾವು ಎಲ್ಲಿರ್ತೀವೋ ಅಲ್ಲಿಗೆ ನೀವ ಕರಕೊಂಡು ಬರಬೇಕು, ಅಕ್ಕಾರ. ಡಬ್ಬಿ ಕೈಯಾಗ ಹೇಳಿ ಕಳಸಬ್ಯಾಡ್ರಿ ಮತ್ತ," ಎಂದ.

ಹೊರಡುವಾಗ ಮಾಳವ್ವ ಮರಿಯನ್ನು ಅವ್ವನ ಕೈಗೆ ಕೊಟ್ಟು, ಒಂದು ಚೀಲ ತುಂಬಿಕೊಂಡು ಬಂದಳು. ಕುರಿಗಳು ಎದ್ದವು, ಹೊಳೆಯ ಕಡೆ ನಡೆದವು. ಅವಳು ತಿರುಗಿ ತಿರುಗಿ ನೋಡುತ್ತಲೇ ರಸ್ತೆ ಸೇರಿದಳು.

ಮುಂಡರಗಿಯ ಬಸ್ಸಿನಲ್ಲಿ ಇಬ್ಬರೂ ಪಕ್ಕಪಕ್ಕ ಕುಳಿತರು. ಕಸ್ತೂರಿ ಏನೇನೋ ಕೇಳಿದಳು. ಬೀಜಗಣಿತ ಕಷ್ಟವೇ, ಹಸಿವಾಗಿದೆಯೇ. ಹುಡುಗಿ "ಹೂಂ ರಿ", "ಇಲ್ರಿ" ಎಂದು ಉತ್ತರ ಕೊಟ್ಟಳು. ಹೊಸ ನೆಂಟರ ಮನೆಗೆ ಹೊರಟವರ ಮರ್ಯಾದೆ ಅದು. ಊರು ಹಿಂದಾದ ಮೇಲೆ ಚೀಲದಿಂದ ಟ್ಯಾಬು ತೆಗೆದು, ಮುಖದ ಹತ್ತಿರ ಹಿಡಿದು, ಸಣ್ಣ ಧ್ವನಿಯಲ್ಲಿ ಹೇಳಿದಳು. "ಅಕ್ಕಾರ, ನಮ್ಮಪ್ಪ ಹೂಂ ಅಂದ್ನ್ರಿ. ಚುಕ್ಕಿನ್ನ ಅವ್ವನ ಕೈಯಾಗ ಕೊಟ್ಟು ಬಂದ್ನಿ."

"ಚಲೋ ಮಾಡಿದಿ. ರಾತ್ರಿ ಚುಕ್ಕಿ ನಿನ್ನ ಹುಡುಕತೈತಿ, ನಿನಗೂ ನಿದ್ದಿ ಹತ್ತೂದಿಲ್ಲ. ಹತ್ತಲಿಲ್ಲಂದ್ರ ನನ್ನ ಕರಿ," ಎಂದಳು ಪರದೆಯ ಕಸ್ತೂರಿ. ಮಾಳವ್ವ ಆಗ ಅತ್ತಳು. ಇಷ್ಟು ಹೊತ್ತು ಬಿಗಿಹಿಡಿದದ್ದನ್ನೆಲ್ಲ ಆ ಗಾಜಿನ ಎದುರು ಬಿಟ್ಟಳು.

ನಾಳೆಯಿಂದ ಈ ಬಾಯಿಗೆ ಬೀಗ. ಲೆಕ್ಕ ಬಿಟ್ಟು ಬೇರೇನೂ ಆಡುವುದಿಲ್ಲ. ಅದನ್ನು ಹುಡುಗಿಗೆ ಹೇಗೆ ಹೇಳಬೇಕೋ ಕಸ್ತೂರಿಗೆ ತಿಳಿಯಲಿಲ್ಲ. ಇಂಥ ಮಾಳವ್ವಂದಿರು ಇನ್ನೆಷ್ಟು ಜನ ಎಲ್ಲೆಲ್ಲಿ ಕಾಯುತ್ತಿದ್ದಾರೋ ಎಂದು ದಿಗಿಲಾಯಿತು. ಕೈ ಚಾಚಿ ಟ್ಯಾಬನ್ನು ಇಸಿದುಕೊಂಡಳು. ಕೇಳಲೇಬೇಕಿತ್ತು.

"ಇನ್ನೂ ಯಾರ್ಯಾರ ಮನೀಗೆ ಬರ್ತೀನಿ ಅಂತ ಹೇಳೀರಿ?" ಎಂದಳು. ಕಣ್ಣು ತುಂಬಿತ್ತು, ಧ್ವನಿ ತನ್ನದೆಂದು ತನಗೇ ಅನ್ನಿಸಲಿಲ್ಲ.

ಪರದೆಯ ಕಸ್ತೂರಿ ಕನ್ನಡಕದ ಮೇಲಿಂದ ನೋಡಿದಳು. "ನೀ ಯಾರವ್ವ? ಹೊಸದಾಗಿ ಬಂದೀಯೇನು? ಹೆಸರು ಹೇಳು."

"ಕಸ್ತೂರಿ."

"ನನ್ನ ಹೆಸರಿನಾಕಿನ ಆದಿ. ಕಣ್ಣು ಒರಸ್ಕೋ ಮೊದಲ. ತಿಳೀಲಿಲ್ಲಂದ್ರ ಅಳೂದ್ಯಾಕ, ನಾ ಅದೀನಲ್ಲ. ಹೇಳು ಕಸ್ತೂರಿ, ಎಲ್ಲಿಂದ ತಿಳೀಲಿಲ್ಲ?"

ಮಾಳವ್ವ ಅಳು ನಿಲ್ಲಿಸಿ ಒಮ್ಮೆ ಟ್ಯಾಬನ್ನೂ ಒಮ್ಮೆ ಪಕ್ಕದವಳನ್ನೂ ನೋಡಿದಳು. ಕಸ್ತೂರಿ ಸೆರಗಿನಿಂದ ಕಣ್ಣು ಒರಸಿಕೊಂಡಳು.

"ಮೊದಲಿಂದ್ರಿ, ಅಕ್ಕಾರ," ಎಂದಳು.